ಅವಿರೋಧವೂ ಸರ್ವಾನುಮತವೂ ಒಂದೇ ಏನು?

ನಮ್ಮ ಗಡಿನಾಡಿನ ಸಂಘಗಳ ವಾರ್ಷಿಕ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ನೂತನ ಪದಾಧಿಕಾರಿಗಳನ್ನು ಸರ್ವಾನುಮತದಿಂದ ಅವಿರೋಧವಾಗಿ ಆರಿಸಲಾಯಿತು.’ ಬರೆದವರು ನಾವೇ; ಕೇಳಿ ಚಪ್ಪಾಳೆ ತಟ್ಟಿದವರೂ ನಾವೇ. ಒಂದು ಸ್ಥಾನಕ್ಕೆ ಒಬ್ಬರೇ ಉಮೇದುವಾರರಾಗಿ ಉಳಿದು ಮತದಾನವೇ ನಡೆಯದಿದ್ದರೆ ಅದು ಅವಿರೋಧ ಆಯ್ಕೆ. ವಿಷಯವನ್ನು ಸಭೆಯ ಮುಂದಿಟ್ಟು ಕೇಳಿದಾಗ ಎಲ್ಲರೂ ಒಪ್ಪಿದರೆ ಅದು ಸರ್ವಾನುಮತ. ಮೊದಲನೆಯದರಲ್ಲಿ ಸದಸ್ಯನನ್ನು ಯಾರೂ ಕೇಳಿಯೇ ಇಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಸೂರತ್ ಕ್ಷೇತ್ರದ ಆಯ್ಕೆ ಅವಿರೋಧವಾಗಿ ಮುಗಿಯಿತು. ಅಲ್ಲಿಯ ಮತದಾರರಿಗೆ ‘ನೋಟಾ’ ಒತ್ತುವ ಅವಕಾಶವೂ ದೊರೆಯಲಿಲ್ಲ. ಅದನ್ನು ಸೂರತ್ತಿನ ಸರ್ವಾನುಮತವೆಂದು ಕರೆಯಲಾದೀತೇ?

ಬಹುಮತವೆಂಬ ಪದದ ಪಾಡು ಇನ್ನೂ ವಿಚಿತ್ರ. ಮಲಯಾಳದ ‘ಭೂರಿಪಕ್ಷ’ವು ಅರ್ಧಕ್ಕೆ ಮೀರಿದ ಬೆಂಬಲಕ್ಕೂ ಗೆಲುವಿನ ಅಂತರಕ್ಕೂ ಸಲ್ಲುತ್ತದೆ. ಅದು ಆ ಭಾಷೆಯ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಾಸರಗೋಡಿನ ನಾವು ಅದೇ ಎರಕದಲ್ಲಿ ಕನ್ನಡವನ್ನು ಹೊಯ್ದು, ‘89 ಮತಗಳ ಬಹುಮತದಿಂದ ಗೆದ್ದರು’ ಎನ್ನತೊಡಗಿದ್ದೇವೆ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರಿಗೆ ಬಂದದ್ದು 56,870 ಮತ, ಎರಡನೆಯವರಿಗೆ 56,781. ಆ 89 ಕೇವಲ ಅಂತರ. ಚಲಾವಣೆಯಾದ ಮತಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಅವುಗಳ ಅರ್ಧವನ್ನು ಯಾರೂ ಮುಟ್ಟಲಿಲ್ಲ. ಗೆಲುವು ನ್ಯಾಯವಾದದ್ದೇ. ನಮ್ಮ ಚುನಾವಣಾ ಕಾನೂನು ಬೇಡುವುದು ಉಳಿದೆಲ್ಲರಿಗಿಂತ ಹೆಚ್ಚು ಮತವನ್ನು, ಬಹುಮತವನ್ನಲ್ಲ. ಆದರೂ ಬಹುಮತವೆಂದು ಬರೆದೊಡನೆ, ಬೇರೆಡೆ ಮತವಿತ್ತ ಹೆಚ್ಚಿನವರು ಲೆಕ್ಕದಿಂದಲೇ ಮಾಯವಾಗುತ್ತಾರೆ.

ಸ್ಪರ್ಧೆಯಾದರೆ ಸಂಘ ಒಡೆದೀತು, ಮೊದಲೇ ನಾವು ಬೆರಳೆಣಿಕೆಯವರು ಎಂದು ಹಿರಿಯರು ಹೇಳುವುದುಂಟು. ಆ ಅಳುಕನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಮ್ಮತಕ್ಕಾಗಿ ಮೊದಲೇ ಕೂತು ಮಾತನಾಡುವುದೂ ಒಳ್ಳೆಯದೇ. ಆದರೆ ಸಭೆಯಲ್ಲಿ ಎದ್ದುನಿಂತು ಬೇಡವೆಂದವರ ಮಾತನ್ನು, ಊಟದ ಹೊತ್ತಾಯಿತೆಂದು ಕೂರಿಸಿ, ನಡಾವಳಿಯಲ್ಲಿ ‘ಸರ್ವಾನುಮತ’ ಎಂದು ಬರೆಯುವುದನ್ನು ಯಾವ ಒಗ್ಗಟ್ಟಿನ ಹೆಸರಿನಲ್ಲಿ ಸಮರ್ಥಿಸೋಣ? 1956ರ ನವೆಂಬರ್ 1ರಿಂದ ಈಚೆಗೆ ನಾವು ಬರೆದ ಮನವಿಗಳೆಲ್ಲ ಕೇಳಿದ್ದೇನು? ಎಣಿಕೆಯಲ್ಲಿ ಕಡಿಮೆಯಾದವರ ಮಾತೂ ದಾಖಲಾಗಬೇಕೆಂದು. ಸರಕಾರದ ಮುಂದೆ ಹಾಗೆ ಕೇಳುವ ನಾವೇ ನಮ್ಮ ಚಾವಡಿಯಲ್ಲಿ ಅದನ್ನು ಅಳಿಸುತ್ತಿದ್ದೇವೆ. ಹೊಸ ಸದಸ್ಯರು, ಅದರಲ್ಲೂ ತರುಣರು, ಎರಡನೆಯ ಮಹಾಸಭೆಗೆ ಬಾರದಿರುವುದಕ್ಕೆ ಮೊಬೈಲನ್ನು ದೂರುವ ಮುನ್ನ ನಡಾವಳಿ ಪುಸ್ತಕವನ್ನೊಮ್ಮೆ ತೆರೆದು ನೋಡಬಾರದೇ?

ಕೈ ಎತ್ತದೆ ಸುಮ್ಮನೆ ಕುಳಿತವರ ವಿಷಯವೂ ಇದೆ. ಅವರು ತಟಸ್ಥರು, ಅವರನ್ನು ಒಪ್ಪಿದವರ ಸಾಲಿಗೂ ವಿರೋಧಿಗಳ ಸಾಲಿಗೂ ತಳ್ಳುವ ಅಧಿಕಾರ ಕಾರ್ಯದರ್ಶಿಗಿಲ್ಲ.

ಮುಂದಿನ ಮಹಾಸಭೆಯ ನಡಾವಳಿಯಲ್ಲಿ ಹಾಜರಿದ್ದವರೆಷ್ಟು, ಪರವೆಷ್ಟು, ವಿರೋಧವೆಷ್ಟು, ತಟಸ್ಥರೆಷ್ಟು ಎಂಬ ನಾಲ್ಕು ಅಂಕಿಗಳನ್ನು ಬರೆಯಬೇಕೆಂದು ನಾವು ಈ ಸಂಚಿಕೆಯ ಮೂಲಕ ಒತ್ತಾಯಿಸುತ್ತೇವೆ. ಸ್ಪರ್ಧೆ ನಡೆಯದ ಸ್ಥಾನಗಳೆದುರು ‘ಅವಿರೋಧ’ ಎಂದಷ್ಟೇ ಇರಲಿ. ಈ ಸಲಹೆಗೆ ಸಭೆಯಲ್ಲಿ ವಿರೋಧ ಬಂದರೆ ಅದನ್ನೂ ಎಣಿಸಿ ಬರೆಯಿರಿ.