ಒಂದೇ ಕಾರಲ್ಲಿ ನಾಲ್ವರು ಕಲಿಯೋರು: ಸ್ಟೇರಿಂಗ್ ನಿಮ್ಮ ಕೈಗೆ ಸಿಗೋದು ಎಷ್ಟು ನಿಮಿಷ?

ಕತ್ತಲಗೆರೆ (ಚನ್ನಗಿರಿ ತಾ.): ಅಡಿಕೆ ದುಡ್ಡು ಬಂದ ಮನೆಗೆ ಕಾರು ಬರೋದು ಈಗ ದೊಡ್ಡ ಸುದ್ದಿಯಲ್ಲ. ಅದನ್ನ ಓಡಿಸೋರು ಯಾರು ಅನ್ನೋದೇ ಪ್ರಶ್ನೆ. ಡ್ರೈವಿಂಗ್ ಸ್ಕೂಲ್ ಸೇರೋರ ಮುಂದೆ ಎರಡು ದಾರಿ ಇವೆ. ಮೂರ್ನಾಲ್ಕು ಜನರ ಜತೆ ಒಂದೇ ಕಾರಲ್ಲಿ ಸರದಿ ಮೇಲೆ ಕಲಿಯೋದು ಒಂದು. ಒಬ್ಬರೇ ಕಾರು, ಒಬ್ಬರೇ ಟ್ರೈನರ್ ಅಂತ ಹೆಚ್ಚು ಹಣ ಕೊಟ್ಟು ಕಲಿಯೋದು ಇನ್ನೊಂದು. ಯಾವುದು ಸರಿ ಅಂತ ತೀರ್ಮಾನಿಸೋಕೆ ಒಂದು ಗಡಿಯಾರ ಸಾಕು.

ನಿಯಮ ಏನು ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 31ನೇ ನಿಯಮದಂತೆ, ಸ್ವಂತ ಬಳಕೆಯ ಕಾರು ಕಲಿಯೋರಿಗೆ ಕನಿಷ್ಠ 21 ದಿನ ತರಬೇತಿ ಕೊಡಬೇಕು. ಅದರಲ್ಲಿ ಅವರು ಸ್ವತಃ ಗಾಡಿ ಓಡಿಸಿದ ಸಮಯ 10 ಗಂಟೆಗಿಂತ ಕಡಿಮೆ ಇರಬಾರದು. ಹಿಂದಿನ ಸೀಟಲ್ಲಿ ಕೂತು ನೋಡಿದ ಹೊತ್ತು ಈ ಲೆಕ್ಕಕ್ಕೆ ಬರಲ್ಲ. ಯಾರು ಎಷ್ಟು ಹೊತ್ತು ಓಡಿಸಿದರು ಅನ್ನೋದನ್ನ ಸ್ಕೂಲ್‌ನವರು ಫಾರಂ 15ರಲ್ಲಿ ಬರೆದಿಡಬೇಕು.

ಈಗ ಲೆಕ್ಕ ಹಾಕಿ. ದಿನಕ್ಕೆ ಒಂದು ಗಂಟೆಯ ಬ್ಯಾಚ್‌ನಲ್ಲಿ ನಾಲ್ವರಿದ್ದರೆ ತಲೆಗೆ 15 ನಿಮಿಷ. 21 ದಿನಕ್ಕೆ ಸಿಗೋದು 5 ಗಂಟೆ 15 ನಿಮಿಷ, ಅಂದ್ರೆ ಹೆಚ್ಚುಕಮ್ಮಿ ಅರ್ಧ. ಮೂವರಿದ್ದರೆ 7 ಗಂಟೆ. ಇಬ್ಬರೇ ಇದ್ದರೆ ಹತ್ತೂವರೆ ಗಂಟೆ ಆಗುತ್ತೆ, ನಿಯಮಕ್ಕೆ ಸರಿಹೋಗುತ್ತೆ. ಹಾಗಾಗಿ ಜತೆಯಲ್ಲಿ ಕಲಿಯೋದೇ ತಪ್ಪಲ್ಲ. ಬ್ಯಾಚ್ ದೊಡ್ಡದಾದಂತೆ ಸಮಯವನ್ನೂ ಹೆಚ್ಚಿಸದೆ ಇರೋದು ತಪ್ಪು.

ದುಡ್ಡಿನ ಕಡೆಯಿಂದಲೂ ನೋಡಬೇಕು. ರಾಜ್ಯ ಸರ್ಕಾರ 2024ರ ಜನವರಿಯಿಂದ ಕಾರು ತರಬೇತಿ ಶುಲ್ಕವನ್ನ 4,000ದಿಂದ 7,000 ರೂಪಾಯಿಗೆ ಏರಿಸಿದೆ. ಲೈಸೆನ್ಸ್ ಶುಲ್ಕ ಬೇರೆ. 7,000ಕ್ಕೆ 10 ಗಂಟೆ ಓಡಿಸಿದರೆ ಗಂಟೆಗೆ 700 ರೂಪಾಯಿ. ಐದೂಕಾಲು ಗಂಟೆ ಮಾತ್ರ ಸಿಕ್ಕರೆ ಅದೇ ಗಂಟೆಗೆ 1,333 ರೂಪಾಯಿ ಬೀಳುತ್ತೆ.

ಹಳ್ಳಿಯವರಿಗೆ ಇನ್ನೊಂದು ನಷ್ಟ

ತಾಲ್ಲೂಕು ಕೇಂದ್ರದಲ್ಲಿರೋರಿಗೆ ಕಾರು ಮನೆ ಬಾಗಿಲಿಗೇ ಬರಬಹುದು. ಹಳ್ಳಿಗಳಿಂದ ಹೋಗೋರು ಬಸ್ಸಿನ ಸಮಯ ನೋಡಬೇಕು. ಒಂದು ಬಸ್ ತಪ್ಪಿದರೆ ಆ ದಿನದ ಸರದಿ ಹೋದಂತೆಯೇ. ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಇಳಿಸುವ ಬ್ಯಾಚ್‌ನಲ್ಲಿ ಆ ಓಡಾಟದ ಹೊತ್ತೂ ಕಲಿಕೆಯ ಗಂಟೆಯಿಂದಲೇ ಕಡಿತವಾಗುತ್ತೆ.

ಆದರೂ ಜತೆ ಕಲಿಕೆಗೆ ಅದರದೇ ಲಾಭ ಇದೆ. ಬೇರೆಯವರು ಕ್ಲಚ್ ಬಿಟ್ಟು ಗಾಡಿ ಆಫ್ ಮಾಡಿದ್ದನ್ನ ನೋಡಿದವರು ತಮ್ಮ ಸರದಿಗೆ ಹುಷಾರಾಗ್ತಾರೆ. ಮಗಳನ್ನ ಒಬ್ಬಳೇ ಕಳಿಸೋಕೆ ಹಿಂಜರಿಯೋ ಮನೆಯವರು ಗೆಳತಿ ಜತೆಗಿದ್ದರೆ ಒಪ್ತಾರೆ. ಆದರೆ ಹಿಂದೆ ಕೂತವರು ನಕ್ಕುಬಿಟ್ಟರೆ ಅಂತ ಹೆದರೋರಿಗೆ, ವಯಸ್ಸಾದ ಮೇಲೆ ಕಲಿಯೋಕೆ ಹೊರಟವರಿಗೆ ಮೊದಲ ಐದಾರು ದಿನವಾದರೂ ಒಬ್ಬರೇ ಕಲಿಯೋದು ವಾಸಿ. ಹಾಫ್ ಕ್ಲಚ್, ರಿವರ್ಸ್, ಏರಿನಲ್ಲಿ ಗಾಡಿ ನಿಲ್ಲಿಸಿ ಎತ್ತೋದು ಕೈಗೆ ಬರೋದು ಪದೇ ಪದೇ ಮಾಡಿದಾಗ ಮಾತ್ರ. ಭದ್ರಾ ನಾಲೆ ಪಕ್ಕದ ಕಿರಿದಾದ ದಾರಿಯಲ್ಲಿ ಎದುರಿಗೆ ಭತ್ತ ಕೊಯ್ಯೋ ಮಷಿನ್ನೋ ಟ್ರ್ಯಾಕ್ಟರೋ ಬಂದಾಗ ಕೆಲಸಕ್ಕೆ ಬರೋದು ಇದೇ ಅಭ್ಯಾಸ.

ಸೇರೋ ಮೊದಲು ಕೇಳಿ

ಬ್ಯಾಚ್‌ನಲ್ಲಿ ಎಷ್ಟು ಜನ, ದಿನಕ್ಕೆ ನನಗೆ ಎಷ್ಟು ನಿಮಿಷ, ಸರದಿ ತಪ್ಪಿದರೆ ಬದಲಿ ದಿನ ಕೊಡ್ತೀರಾ ಅಂತ ಹಣ ಕಟ್ಟೋ ಮೊದಲೇ ಕೇಳಬೇಕು. ಟ್ರೈನರ್ ಕಾಲ ಬಳಿಯೂ ಬ್ರೇಕ್ ಇರೋ ಡ್ಯುಯಲ್ ಕಂಟ್ರೋಲ್ ಕಾರು ಕಡ್ಡಾಯ, ಅದನ್ನೂ ನೋಡಿಕೊಳ್ಳಿ. ದಿನಾ ಓಡಿಸಿದ ನಿಮಿಷವನ್ನ ಮೊಬೈಲಲ್ಲಿ ಬರೆದಿಟ್ಟುಕೊಂಡು, ಸ್ಕೂಲ್‌ನವರ ಫಾರಂ 15ರ ಜತೆ ತಾಳೆ ನೋಡಿದ ಮೇಲೇ ಸಹಿ ಹಾಕಿ.

ಎಲ್‌ಎಲ್‌ಆರ್ ಮಾಡಿಸಿದ 30 ದಿನದ ನಂತರವಷ್ಟೇ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಎಲ್‌ಎಲ್‌ಆರ್ ಅವಧಿ 6 ತಿಂಗಳು. ಹಾಗಾಗಿ 21 ದಿನಕ್ಕೇ ಮುಗೀತು ಅಂತ ಅವಸರ ಬೇಡ. ಉಳಿದ ದಿನಗಳಲ್ಲಿ ಮನೆಯ ಕಾರಿಗೆ ಎಲ್ ಬೋರ್ಡ್ ಹಾಕಿ, ಲೈಸೆನ್ಸ್ ಇರೋರನ್ನ ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಬಹುದು. ಟೆಸ್ಟ್‌ನಲ್ಲಿ ಹೇಗೋ ಪಾಸಾಗಬಹುದು. ಆದರೆ ಕಮ್ಮಿಯಾದ ಐದು ಗಂಟೆಯ ಬೆಲೆ ಗೊತ್ತಾಗೋದು ರಸ್ತೆಗೆ ಇಳಿದ ಮೇಲೆ, ಅದನ್ನ ಎದುರಿಗೆ ಬರೋರೂ ತೆರಬೇಕಾಗುತ್ತೆ.