ಮಳೆಗಾಲಕ್ಕೆ ಮುನ್ನ: ಮೂಕಪ್ರಾಣಿಗಳಿಗೂ ಒಂದು ಆಸರೆ

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನೆರೆಯ ವಿಷಯದಲ್ಲಿಯೂ ಈ ಮಾತು ಅಷ್ಟೇ ಸತ್ಯ. ಮುಂಗಾರು ಸಮೀಪಿಸಿತೆಂದರೆ ಮಾಡಿನ ಹಂಚು ಸರಿಪಡಿಸುವುದು, ಸೌದೆ ಸೇರಿಸುವುದು, ಹಪ್ಪಳ ಸಂಡಿಗೆಗಳನ್ನು ಒಣಗಿಸಿ ಡಬ್ಬ ತುಂಬುವುದು ಮುಂತಾದ ಸಿದ್ಧತೆಗಳನ್ನು ನಮ್ಮ ಗೃಹಿಣಿಯರು ಯಾರೂ ಹೇಳದೆಯೇ ಮಾಡುತ್ತಾರೆ. ಆದರೆ ಮನೆಯನ್ನೇ ತೊರೆದು ಹೋಗಬೇಕಾದ ದಿನ ಬಂದರೆ ಹಟ್ಟಿಯ ದನ, ಅಂಗಳದ ನಾಯಿ, ಒಲೆಬದಿಯ ಬೆಕ್ಕು, ಗೂಡಿನ ಕೋಳಿ ಇವುಗಳ ಗತಿಯೇನೆಂದು ಯೋಚಿಸಿದವರು ವಿರಳ. ಈ ತಿಂಗಳು ವಾಚಕರ ಮುಂದೆ ಈ ಪ್ರಶ್ನೆಯನ್ನಿಡಬಯಸುತ್ತೇನೆ.

ಮನುಷ್ಯರೇ ಮುಳುಗುತ್ತಿರುವಾಗ ನಾಯಿಬೆಕ್ಕುಗಳ ಚಿಂತೆಯೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಸಹಜವಾದುದೇ, ಆದರೆ ಅನುಭವವು ಬೇರೆಯದನ್ನು ಹೇಳುತ್ತದೆ. 2005ರ ಆಗಸ್ಟ್ 29ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಮೇಲೆ ಕತ್ರಿನಾ ಚಂಡಮಾರುತವೆರಗಿತು. ಅಲ್ಲಿಯ ಅನೇಕ ಆಶ್ರಯ ಕೇಂದ್ರಗಳಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿರಲಿಲ್ಲ. ಅವುಗಳನ್ನು ಬಿಟ್ಟು ಬರಲು ಮನಸ್ಸೊಪ್ಪದೆ ಹಲವರು ಮುಳುಗುವ ಮನೆಗಳಲ್ಲಿಯೇ ಉಳಿದರು. ಆ ದೇಶವು ಇದರಿಂದ ಪಾಠ ಕಲಿತು ಮರುವರ್ಷ, ಅಂದರೆ 2006ರಲ್ಲಿ, ಒಂದು ಕಾನೂನನ್ನೇ ಮಾಡಿತು. ವಿಪತ್ತಿನ ಕಾಲದ ಯೋಜನೆಯಲ್ಲಿ ಮನೆಯ ಪ್ರಾಣಿಗಳ ಸ್ಥಳಾಂತರಕ್ಕೂ ಆಶ್ರಯಕ್ಕೂ ಅವಕಾಶ ಕಲ್ಪಿಸತಕ್ಕುದು ಎಂಬುದು ಅದರ ಸಾರ. ಪ್ರಾಣಿಗಳ ಮೇಲಿನ ಕರುಣೆಯೊಂದೇ ಇದಕ್ಕೆ ಕಾರಣವಲ್ಲ. ಪ್ರಾಣಿಯನ್ನು ಬಿಟ್ಟು ಬರಲಾರದ ಮನುಷ್ಯನನ್ನು ಉಳಿಸಬೇಕೆಂಬುದೂ ಕಾರಣ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಕೇರಳದ ಹತ್ತು ಲಕ್ಷಕ್ಕೂ ಹೆಚ್ಚು ಜನ ಪರಿಹಾರ ಶಿಬಿರಗಳನ್ನು ಸೇರಿದರು. ಆಗ ತೃಶ್ಶೂರಿನ ಕಡೆ ಮಹಿಳೆಯೊಬ್ಬರು ಮನೆಯೊಳಗೆ ನೀರೇರುತ್ತಿದ್ದರೂ ತಮ್ಮ 25 ನಾಯಿಗಳನ್ನು ಬಿಟ್ಟು ಬರಲು ಒಪ್ಪಲಿಲ್ಲ. ಕೊನೆಗೆ ನಾಯಿಗಳನ್ನೂ ಕರೆದೊಯ್ಯುವ ಏರ್ಪಾಡಾದ ಮೇಲೆಯೇ ಅವರು ಹೊರಟರೆಂಬುದು ಪತ್ರಿಕೆಗಳಲ್ಲಿ ಬಂದ ಸಂಗತಿ. ಅದನ್ನು ಓದಿ ಹುಚ್ಚುತನವೆಂದವರೂ ಇದ್ದರು. ಆದರೆ ಕರು ಹಾಕಿ ಎರಡು ದಿನವಾದ ಹಸುವನ್ನು ಹಟ್ಟಿಯಲ್ಲಿ ಬಿಟ್ಟು ದೋಣಿಯೇರಿ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಏರಿಯಾರು? ಪ್ರಾಣಿಗೆ ಎಡೆಯಿಲ್ಲದ ಶಿಬಿರವು ಅದನ್ನು ಸಾಕಿದ ಸಂಸಾರಕ್ಕೂ ಅರೆ ಮುಚ್ಚಿದ ಬಾಗಿಲೇ ಸರಿ.

ಇಂತಹ ಏರ್ಪಾಡು ಬಡ ನಾಡುಗಳಿಗೆ ಎಟುಕದ ವಿಲಾಸವೆಂದೂ ಭಾವಿಸಬೇಕಾಗಿಲ್ಲ. 1970ರ ನವೆಂಬರಿನಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನ ಮಡಿದರು. ಆ ಬಳಿಕ ಅಲ್ಲಿ ಜನರೂ ಜಾನುವಾರುಗಳೂ ಏರಿ ನಿಲ್ಲುವಂತೆ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ಅವನ್ನು ಅಲ್ಲಿಯವರು 'ಕಿಲ್ಲಾ' ಎನ್ನುತ್ತಾರೆ. ಮಣ್ಣು ಹೊತ್ತು ಕಟ್ಟಿದ ಕೋಟೆಯೆಂದೇ ಭಾವಿಸಿರಿ. ನಮ್ಮ ಗಡಿಯ ಬಂಧುಗಳಿಗೂ ಇದರ ಇನ್ನೊಂದು ರೂಪ ಪರಿಚಿತವೇ. ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳಲ್ಲಿ 2012-13ರ ಹಾಗೂ 2018-19ರ ಬರಗಾಲಗಳಲ್ಲಿ ದನಗಳಿಗಾಗಿ ತೆರೆದ 'ಚಾರಾ ಛಾವಣಿ'ಗಳನ್ನು ಅಲ್ಲಿಯ ವಾಚಕರು ಕಂಡಿದ್ದಾರೆ. ಮೇವು ನೀರು ಒದಗಿಸಿ, ನೆರಳು ಕಟ್ಟಿ, ಸಾಕಿದವರೂ ತಮ್ಮ ದನಗಳ ಬಳಿಯಲ್ಲಿಯೇ ತಂಗಿರುತ್ತಿದ್ದ ಆ ಛಾವಣಿಗಳೇ ಪ್ರಾಣಿಗಳ ಆಶ್ರಯವೆಂದರೇನೆಂಬುದಕ್ಕೆ ನಿದರ್ಶನ. ಬರ ಬರುವುದು ಮೆಲ್ಲನೆ. ಆದುದರಿಂದ ಏರ್ಪಾಡಿಗೆ ಸಮಯವುಂಟು. ನೆರೆ ಬರುವುದು ಒಂದು ರಾತ್ರಿಯಲ್ಲಿ. ಆದುದರಿಂದ ಏರ್ಪಾಡು ಮೊದಲೇ ಆಗಿರಬೇಕು. ವ್ಯತ್ಯಾಸ ಇಷ್ಟೇ.

ದನಕ್ಕಾದರೂ ಸರಕಾರದ ಲೆಕ್ಕದಲ್ಲಿ ಸ್ಥಾನವಿದೆ. ಹಸು, ಎಮ್ಮೆ, ಆಡು, ಕೋಳಿ ವಿಪತ್ತಿನಲ್ಲಿ ಸತ್ತರೆ ಪರಿಹಾರದ ಪಟ್ಟಿಯಲ್ಲಿ ಅವುಗಳ ಹೆಸರುಂಟು, ನಾಯಿಬೆಕ್ಕುಗಳ ಹೆಸರಿಲ್ಲ. ಆದ್ದರಿಂದ ಅವುಗಳ ಹೊಣೆ ಮೊದಲಿಗೆ ಮನೆಯವರದು, ಬಳಿಕ ಊರಿನದು.

ಮನೆಯಲ್ಲಿ ಮಾಡತಕ್ಕ ಕೆಲಸ ಹೆಚ್ಚೇನಿಲ್ಲ. ನಾಯಿಗೆ ಗಟ್ಟಿಯಾದ ಕೊರಳಪಟ್ಟಿ, ಹಗ್ಗ, ಬಾಯಿಗೆ ಕಟ್ಟುವ ಪಟ್ಟಿ ಇರಲಿ. ಬೆಕ್ಕಿಗೂ ಕೋಳಿಗೂ ಮುಚ್ಚಳವಿರುವ ಹೆಡಿಗೆ ಅಥವಾ ಗಾಳಿಯಾಡುವ ಪೆಟ್ಟಿಗೆ ಇರಲಿ. ಬೆಕ್ಕನ್ನು ಅದರಲ್ಲಿ ಮಲಗಿಸಿ ಮೊದಲೇ ರೂಢಿ ಮಾಡಿಸಿದರೆ ಗಾಬರಿಯ ಹೊತ್ತಿನಲ್ಲಿ ಪರಚಾಟ ತಪ್ಪುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳು ತುಂಬಿದ ಮರಿಗೆ ಹಾಕಿಸಿ, ಬಳಿಕ ವರ್ಷಕ್ಕೊಮ್ಮೆ ಮರುಕಳಿಸಿ, ಆ ಚೀಟಿಯನ್ನು ರೇಶನ್ ಕಾರ್ಡಿನೊಡನೆ ಪ್ಲಾಸ್ಟಿಕ್ ಚೀಲದಲ್ಲಿಡತಕ್ಕುದು. ಲಸಿಕೆಯ ಚೀಟಿಯಿಲ್ಲದ ನಾಯಿಯನ್ನು ಶಿಬಿರದ ಬಳಿ ಸೇರಿಸಲು ಇತರರು ಅಂಜಿದರೆ ಅವರನ್ನು ದೂರುವಂತಿಲ್ಲ. ಪ್ರಾಣಿಯ ಜತೆಗೆ ಮನೆಯವರೊಬ್ಬರು ನಿಂತ ಭಾವಚಿತ್ರವೊಂದಿದ್ದರೆ, ಅದು ತಪ್ಪಿಸಿಕೊಂಡಾಗ ನಮ್ಮದೆಂದು ತೋರಿಸಲು ಸಾಕ್ಷಿಯಾಗುತ್ತದೆ. ಒಂದು ವಾರದ ಆಹಾರವನ್ನು ಬೇರೆ ಡಬ್ಬದಲ್ಲಿ ತೆಗೆದಿರಿಸಿರಿ. 20 ಕಿಲೋ ತೂಗುವ ನಾಯಿಗೆ ದಿನಕ್ಕೆ ಸುಮಾರು ಒಂದು ಲೀಟರ್ ಕುಡಿಯುವ ನೀರು ಬೇಕು. ಹಾಲು ಕೊಡುವ ದೊಡ್ಡ ಹಸುವಿಗೆ 40 ಲೀಟರಿಗೂ ಮಿಕ್ಕಿ ಬೇಕು. ಪಶುವೈದ್ಯರ ಹಾಗೂ ವಾರ್ಡಿನ ಸದಸ್ಯರ ದೂರವಾಣಿ ಸಂಖ್ಯೆಗಳನ್ನು ಮನೆಯ ಹಿರಿಯರಿಗೂ ಓದಲು ಬರುವಂತೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಸಂಕಟದ ಹೊತ್ತಿನಲ್ಲಿ ಬರುವ ಪ್ರಕಟಣೆ ಅವರಿಗೆ ತಿಳಿಯುವ ಭಾಷೆಯಲ್ಲಿಯೇ ಬರುವುದೆಂಬ ಭರವಸೆಯಿಲ್ಲ.

ಊರಿನಲ್ಲಿ ಆಗಬೇಕಾದುದು ಒಂದು ಜಾಗದ ನಿರ್ಣಯ. ಚಂದ್ರಗಿರಿಯ ದಂಡೆಯವರು, ಮಧುವಾಹಿನಿಯ ತಗ್ಗಿನವರು ನೀರು ಎಲ್ಲಿಯವರೆಗೆ ಬರುವುದೆಂಬುದನ್ನು ಅನುಭವದಿಂದ ಬಲ್ಲರು. ಆ ಗೆರೆಗಿಂತ ಮೇಲೆ, ಶಿಬಿರ ತೆರೆಯುವ ಶಾಲೆಗೆ ಹತ್ತಿರದಲ್ಲಿ, ಆದರೆ ಅಡಿಗೆ ಮತ್ತು ಮಲಗುವ ಕೋಣೆಗಳಿಂದ ದೂರದಲ್ಲಿ ಒಂದು ಚಪ್ಪರ ಸಾಕು. ಸೈಕಲ್ ನಿಲ್ಲಿಸುವ ಮಾಡು, ಅಡಿಕೆ ಒಣಗಿಸುವ ಅಂಗಳದ ಚಪ್ಪರ, ಸಹಕಾರಿ ಸಂಘದ ಉಗ್ರಾಣದ ಜಗಲಿ, ಯಾವುದೂ ಆಗಬಹುದು. ನಾಯಿಗಳನ್ನು ಒಂದನ್ನೊಂದು ಮುಟ್ಟಲಾಗದಷ್ಟು ಅಂತರದಲ್ಲಿ ಕಟ್ಟಬೇಕು. ಬೆಕ್ಕುಗಳ ಪೆಟ್ಟಿಗೆಗಳು ನಾಯಿಗಳ ಕಣ್ಣಿಗೆ ಬೀಳದ ಕಡೆ, ಬಟ್ಟೆ ಹೊದಿಸಿ ಇರಬೇಕು. ಕಾಯಿಲೆಯ ಪ್ರಾಣಿಗಳಿಗೆ ಬೇರೆ ಮೂಲೆ ಬೇಕು. ಬಾಗಿಲು ಒಂದೇ ಇದ್ದು, ಅಲ್ಲೊಂದು ಪುಸ್ತಕದಲ್ಲಿ ಪ್ರಾಣಿಯ ಗುರುತು, ಒಡೆಯರ ಹೆಸರು, ಬಂದ ಹೊತ್ತು ಇವನ್ನು ಬರೆದಿಡಬೇಕು. ಉಣಿಸುವ, ಸೆಗಣಿ ತೆಗೆಯುವ, ನೆಲ ತೊಳೆಯುವ ಕೆಲಸ ಒಡೆಯರದೇ ಎಂಬ ನಿಯಮ ಮೊದಲ ದಿನವೇ ಸ್ಪಷ್ಟವಾಗಿರಲಿ. ಇಲ್ಲವಾದರೆ ಎರಡನೆಯ ದಿನವೇ ಕಲಹ ಪ್ರಾರಂಭವಾಗುತ್ತದೆ. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರಹದಲ್ಲಿ ಕೊಟ್ಟು, ನಿರ್ಣಯದ ಪುಸ್ತಕದಲ್ಲಿ ಸೇರಿಸಲು ಆಗ್ರಹಿಸಬಹುದು. ಇದಕ್ಕೆ ಹೆಚ್ಚಿನ ಹಣ ಬೇಡ, ನಾಲ್ಕು ಮನೆಗಳ ಒಮ್ಮತ ಬೇಕು.

ಇಷ್ಟಾದರೂ ಕೆಲವೊಮ್ಮೆ ಪ್ರಾಣಿಯನ್ನು ಬಿಟ್ಟೇ ಓಡಬೇಕಾದ ಕ್ಷಣ ಬರಬಹುದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದಾಗ ಯಾರಿಗೂ ಯಾವುದಕ್ಕೂ ಬಿಡುವಿರಲಿಲ್ಲ. ಅಂತಹ ಹೊತ್ತಿಗೆ ಒಂದೇ ನಿಯಮ: ಹಗ್ಗ ಬಿಚ್ಚಿರಿ, ಗೂಡು ತೆರೆಯಿರಿ. ಕಟ್ಟಿದ ಪ್ರಾಣಿಗೆ ಈಜು ಬಂದರೂ ಪ್ರಯೋಜನವಿಲ್ಲ. ಬಿಚ್ಚಿದ ಪ್ರಾಣಿ ಎತ್ತರ ಹುಡುಕಿಕೊಂಡು ಬದುಕುವುದುಂಟು. ಗಂಟು ಎಳೆದೊಡನೆ ಬಿಚ್ಚಿಕೊಳ್ಳುವಂತಿರಬೇಕು. ಬೀಗ ಹಾಕಿದ ಸರಪಳಿ ಮಳೆಗಾಲಕ್ಕೆ ಸಲ್ಲದು. ಬಿಟ್ಟುಬಂದ ಸ್ಥಳವನ್ನು ರಕ್ಷಣಾ ತಂಡದವರಿಗೆ ತಿಳಿಸುವುದನ್ನು ಮರೆಯಬಾರದು.

ನೆರೆ ಇಳಿದ ಮೇಲೂ ಎಚ್ಚರ ಬೇಕು. 2018ರ ಪ್ರವಾಹದ ಬೆನ್ನಿಗೇ ಕೇರಳದಲ್ಲಿ ಇಲಿಜ್ವರ ಹಬ್ಬಿ ಜೀವಹಾನಿಯಾಯಿತು. ಇಲಿಗಳ ಮೂತ್ರದಿಂದ ಮಾತ್ರವಲ್ಲ, ಸೋಂಕು ತಗಲಿದ ದನ, ನಾಯಿಗಳ ಮೂತ್ರದಿಂದಲೂ ಆ ರೋಗಾಣು ನೀರಿಗೆ ಸೇರಿ, ಕಾಲಿನ ಗಾಯಗಳ ಮೂಲಕ ದೇಹವನ್ನು ಹೊಗುತ್ತದೆ. ಹಟ್ಟಿ ತೊಳೆಯುವವರು ಬೂಟು, ಕೈಚೀಲ ತೊಡಬೇಕು. ಮುಂಜಾಗ್ರತೆಯ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಹೆದರಿದ ನಾಯಿ ಪರಿಚಿತರನ್ನೂ ಕಚ್ಚಬಹುದು. ಕಚ್ಚಿದ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕುದು.

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ತುಳುನಾಡಿನಲ್ಲಿ ಮಳೆಯ ಸಿದ್ಧತೆ ಮುಗಿದಿರಬೇಕೆಂಬುದು ಹಿರಿಯರ ಕ್ರಮ. ಆ ಕೆಲಸಗಳ ಪಟ್ಟಿಯಲ್ಲಿ ಈ ವರ್ಷ ಇನ್ನೊಂದು ಸಾಲನ್ನು ಸೇರಿಸಿಕೊಳ್ಳಿರಿ. ಹಟ್ಟಿಯ ಹಗ್ಗದ ಗಂಟನ್ನು ಒಮ್ಮೆ ಬಿಚ್ಚಿ ನೋಡಿರಿ. ಮನೆಯ ಮಕ್ಕಳಿಗೂ ಬಿಚ್ಚಲು ಕಲಿಸಿರಿ. ನೆರೆಮನೆಯವರೊಡನೆ ಕುಳಿತು, ಯಾರ ಪ್ರಾಣಿಯನ್ನು ಯಾರು, ಯಾವ ದಾರಿಯಲ್ಲಿ, ಎಲ್ಲಿಗೆ ಕೊಂಡೊಯ್ಯಬೇಕೆಂದು ಒಂದು ಸಂಜೆ ಮಾತನಾಡಿಕೊಳ್ಳಿರಿ. ವರ್ಷವಿಡೀ ಹಾಲುಣಿಸಿದ, ಮನೆ ಕಾಯ್ದ ಜೀವಗಳಿಗೆ ಅಷ್ಟಾದರೂ ಸಲ್ಲಬೇಕಾದುದು ನ್ಯಾಯ.