ಗೋಡೆ ಹಿಡಿಯದ ತಿರುಪುಮೊಳೆ



ಮನೆ ಕಟ್ಟಿಸುವಾಗ ನಡುಮನೆಯ ಅಂದಕ್ಕೂ ಅಡಿಗೆಮನೆಯ ಅನುಕೂಲಕ್ಕೂ ಸಾಕಷ್ಟು ಗಮನ ಕೊಡುವ ನಾವು, ಬಚ್ಚಲುಮನೆಯನ್ನು ಕುರಿತು ಚಿಂತಿಸುವುದು ಅಲ್ಲಿ ಯಾರಾದರೂ ಜಾರಿಬಿದ್ದ ಮೇಲೆಯೇ. ಈ ಮಾತನ್ನು ಸ್ವಂತ ಅನುಭವದಿಂದಲೇ ಬರೆಯುತ್ತಿದ್ದೇನೆ.

ತೊಂಬತ್ತರ ಸಮೀಪದಲ್ಲಿರುವ ನನ್ನ ತಾಯಿಯವರಿಗೆ ಸ್ನಾನ ಮುಗಿಸಿ ಏಳುವಾಗ ಆಸರೆಯಾಗಲೆಂದು ಬಚ್ಚಲಿನ ಗೋಡೆಗೆ ಉಕ್ಕಿನ ಹಿಡಿಕೆಯೊಂದನ್ನು ಹಾಕಿಸಿದ್ದೆವು. ಅದರ ಒಂದು ಬದಿಯ ತಿರುಪುಮೊಳೆಗಳು ಸಡಿಲವಾಗಿದ್ದುದು ನನಗೆ ತಿಳಿದಿತ್ತು. ತೂತುಗಳಲ್ಲಿ ನಾಲ್ಕಾರು ಬೆಂಕಿಕಡ್ಡಿಗಳನ್ನು ತುರುಕಿ ಮೊಳೆಗಳನ್ನು ಮತ್ತೆ ತಿರುಗಿಸಿದೆ, ಬಿಗಿಯಾದಂತೆಯೇ ತೋರಿತು. ಹದಿನೈದು ದಿನ ಕಳೆದಿರಲಿಲ್ಲ, ಹಿಡಿಕೆಯು ತಾಯಿಯವರ ಕೈಯಲ್ಲಿಯೇ ಕಿತ್ತುಬಂದಿತು. ಸೊಸೆ ಹತ್ತಿರವೇ ನಿಂತಿದ್ದು ತೋಳು ಹಿಡಿದುದರಿಂದ ಅನಾಹುತ ತಪ್ಪಿತು. “ಗ್ವಾಡಿನೂ ಕೈ ಬಿಟ್ಟಿತಲ್ಲೋ ಯಪ್ಪಾ” ಎಂದು ತಾಯಿಯವರು ನಕ್ಕರು. ನನಗೆ ನಗು ಬರಲಿಲ್ಲ. ಆ ತೂತಿನ ಒಳಗುಟ್ಟನ್ನು ಅರಿಯಲು ಹೊರಟುದು ಅಂದೇ.

ತಿರುಪುಮೊಳೆಯು ಮರವನ್ನು ಕೊರೆದು ತನ್ನ ಹಾದಿಯನ್ನು ತಾನೇ ಮಾಡಿಕೊಂಡು ಬಿಗಿಯಾಗಿ ಕೂಡುತ್ತದೆ. ಇಟ್ಟಿಗೆ ಮತ್ತು ಗಾರೆಗಳಾದರೋ ಪುಡಿಯಾಗುವ ಪದಾರ್ಥಗಳು. ಅವುಗಳಲ್ಲಿ ಮೊಳೆ ನೇರವಾಗಿ ನಿಲ್ಲದು. ಆದುದರಿಂದಲೇ ನಮ್ಮ ಹಿರಿಯರು ಗೋಡೆಗೆ ಮೊದಲು ಮರದ ಗೂಟ ಬಡಿದು ಅದರಲ್ಲಿ ಮೊಳೆ ಹೊಡೆಯುತ್ತಿದ್ದರು. 1911ರ ಸುಮಾರಿಗೆ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಎಂಬಾತನು ಸೆಣಬಿನ ನಾರಿನಿಂದ ಗೋಡೆಯ ಪ್ಲಗ್ಗನ್ನು ಮಾಡಿದನು. ಇಂದಿಗೂ ಅಂಗಡಿಗಳಲ್ಲಿ ಬಳಕೆಯಲ್ಲಿರುವ ‘ರಾಲ್ ಪ್ಲಗ್’ ಎಂಬ ಮಾತು ಆತನ ಹೆಸರಿನಿಂದ ಬಂದುದು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ನೈಲಾನಿನ ಪ್ಲಗ್ಗನ್ನು ರೂಪಿಸಿದನು. ಇವೆರಡರ ತತ್ತ್ವ ಒಂದೇ: ಮೊಳೆ ಒಳಹೊಕ್ಕಂತೆ ಪ್ಲಗ್ಗು ಉಬ್ಬಿ ತೂತಿನ ಗೋಡೆಗಳನ್ನು ಒತ್ತುತ್ತದೆ, ಆ ಒತ್ತಡವೇ ಭಾರವನ್ನು ಹೊರುತ್ತದೆ. ತೂತು ದೊಡ್ಡದಾಗಿದ್ದರೆ ಅಥವಾ ಅದರ ಸುತ್ತಲಿನ ಭಾಗ ಮೆತ್ತಗಾಗಿದ್ದರೆ ಒತ್ತಲು ಆಧಾರವೇ ಇಲ್ಲದಂತಾಗುತ್ತದೆ.

ನಮ್ಮ ಮನೆಯಲ್ಲಿ ಆದುದೂ ಇದೇ. ಟೈಲ್ಸ್, ಅದರ ಹಿಂದಿನ ಗಾರೆ, ಗಿಲಾವು ಇವೆಲ್ಲ ಸೇರಿ ಒಂದು ಅಂಗುಲಕ್ಕೂ ಹೆಚ್ಚು ದಪ್ಪವಿದ್ದವು. ಹಾಕಿದ್ದ ಪ್ಲಗ್ಗು ಒಂದೇ ಅಂಗುಲದ್ದು. ಅದು ಇಟ್ಟಿಗೆಯನ್ನು ಮುಟ್ಟಿರಲೇ ಇಲ್ಲ. ಜೊತೆಗೆ ನೀರು ಒಳಗಿಳಿದು ಮೊಳೆ ತುಕ್ಕು ಹಿಡಿದಿತ್ತು. ನಾನು ತುರುಕಿದ ಕಡ್ಡಿಗಳು ನೀರು ಕುಡಿದು ಉಬ್ಬಿದವು, ಒಣಗಿ ಕುಗ್ಗಿದವು. ತೂತು ಮತ್ತಷ್ಟು ಸಡಿಲವಾಯಿತು.

ಇನ್ನು ಪರಿಹಾರದ ಮಾತು. ತೂತು ತುಸುವೇ ಸಡಿಲವಾಗಿದ್ದರೆ ಹಳೆಯ ಪ್ಲಗ್ಗನ್ನು ಇಕ್ಕಳದಿಂದ ಎಳೆದು, ಒಳಗಿನ ಧೂಳನ್ನು ಸಂಪೂರ್ಣವಾಗಿ ತೆಗೆಯಬೇಕು. 6 ಮಿಲಿಮೀಟರಿನ ತೂತನ್ನು 8 ಮಿಲಿಮೀಟರಿಗೆ ಕೊರೆದು, ಅದೇ ಅಳತೆಯ, ಇಟ್ಟಿಗೆಯೊಳಗೆ ಇಳಿಯುವಷ್ಟು ಉದ್ದದ ಪ್ಲಗ್ಗನ್ನು ಕೂಡಿಸಬೇಕು. ಅದಕ್ಕೆ 5 ಮಿಲಿಮೀಟರ್ ದಪ್ಪದ ಮೊಳೆ ಹೊಂದುತ್ತದೆ. ತೂತಿನ ಆಳ ಪ್ಲಗ್ಗಿಗಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರಲಿ. ಮೊಳೆಯು ಪ್ಲಗ್ಗಿನ ತುದಿಯನ್ನು ಮುಟ್ಟುವಷ್ಟು ಉದ್ದವಿರಲಿ.

ತೂತು ಉದುರಿ ಅಗಲವಾಗಿದ್ದರೆ, ಸಾಬೂನಿನ ತಟ್ಟೆ ಅಥವಾ ಟವೆಲ್ ಕಂಬಿಯಂತಹ ಹಗುರ ವಸ್ತುಗಳಿಗೆ ಎರಡು ಭಾಗಗಳನ್ನು ಕಲಸುವ ಎಪಾಕ್ಸಿ ಮೆತ್ತೆಯನ್ನು ತೂತಿನ ತಳದವರೆಗೆ ಒತ್ತಿ ತುಂಬಿ, ಒಂದು ದಿನ ಪೂರ್ತಿ ಗಟ್ಟಿಯಾಗಲು ಬಿಟ್ಟು, ಬಳಿಕ ಹೊಸದಾಗಿ ಕೊರೆಯಬಹುದು. ಸಿಮೆಂಟ್ ಗಾರೆ ತುಂಬುವುದಾದರೆ ತೂತನ್ನು ಮೊದಲೇ ತೇವಗೊಳಿಸಿ, ಒಂದು ವಾರ ನೀರುಣಿಸಿದ ಅನಂತರವೇ ಕೊರೆಯುವುದು ಲೇಸು.

ಆದರೆ ಮುದುಕರು ಹಿಡಿದು ಏಳುವ ಹಿಡಿಕೆಗೆ ಈ ತೇಪೆ ಸಲ್ಲದು. ಟವೆಲ್ ಕಂಬಿ ಕಳಚಿದರೆ ಬಟ್ಟೆ ಒದ್ದೆಯಾದೀತು. ಹಿಡಿಕೆ ಕಳಚಿದರೆ ಸೊಂಟದ ಮೂಳೆ ಮುರಿದೀತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಿಡಿಕೆಯನ್ನು ಹಳೆಯ ತೂತುಗಳಿಂದ ಮೂರು-ನಾಲ್ಕು ಅಂಗುಲ ದೂರಕ್ಕೆ ಸರಿಸಿ, ಗಟ್ಟಿ ಇಟ್ಟಿಗೆಯಲ್ಲಿ ಹೊಸ ತೂತು ಕೊರೆಸುವುದೇ ಕ್ಷೇಮ. ಗೋಡೆ ಟೊಳ್ಳು ಸಿಮೆಂಟ್ ಇಟ್ಟಿಗೆಯದಾಗಿದ್ದರೆ ಸಾಮಾನ್ಯ ಪ್ಲಗ್ಗು ನಿಲ್ಲದು. ಜಾಲರಿ ಕೊಳವೆಯಲ್ಲಿ ರಾಳ ತುಂಬಿ ಕೂಡಿಸುವ ವಿಧಾನವನ್ನು ಬಲ್ಲ ಮೇಸ್ತ್ರಿಯಿಂದಲೇ ಮಾಡಿಸಬೇಕು.

ಕೊರೆಯುವ ಸ್ಥಳದಲ್ಲಿ ಟೈಲ್ಸಿನ ಮೇಲೆ ಅಂಟುಪಟ್ಟಿ ಹಚ್ಚಿದರೆ ಡ್ರಿಲ್ ಜಾರದು. ಟೈಲ್ಸ್ ದಾಟುವವರೆಗೆ ಯಂತ್ರದ ಬಡಿತವನ್ನು ನಿಲ್ಲಿಸಿರಬೇಕು. ಇಲ್ಲವಾದರೆ ಅದು ಬಿರುಕು ಬಿಡುತ್ತದೆ. ನಲ್ಲಿ, ಗೀಸರ್, ಸ್ವಿಚ್ಚುಗಳ ನೇರಕ್ಕೆ ಮೇಲೆಯೂ ಕೆಳಗೂ ಕೊರೆಯಲೇಬಾರದು. ಒಳಗೆ ಕೊಳವೆಯೋ ವಿದ್ಯುತ್ ತಂತಿಯೋ ಹಾದಿರುತ್ತದೆ. ಮೊಳೆಗಳು ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಮೊಳೆ ಬಿಗಿಯುವ ಮುನ್ನ ತೂತಿನ ಬಾಯಿಗೆ ಸಿಲಿಕೋನ್ ಅಂಟು ಹಚ್ಚಿದರೆ ನೀರು ಒಳಗಿಳಿಯದು.

ಕೆಲಸ ಮುಗಿದ ಮೇಲೆ ಮನೆಯ ಗಟ್ಟಿಮುಟ್ಟಾದ ಯುವಕನೊಬ್ಬನು ಒಣನೆಲದ ಮೇಲೆ ನಿಂತು, ಆ ಹಿಡಿಕೆಯನ್ನು ತನ್ನ ಬಲವನ್ನೆಲ್ಲ ಹಾಕಿ ಜಗ್ಗಿ ನೋಡಲಿ. ಅದು ಕೂದಲೆಳೆಯಷ್ಟು ಅಲುಗಿದರೂ ಹಿರಿಯರ ಕೈಗೆ ಕೊಡಬಾರದು. ನಾನು ಈಗ ತಿಂಗಳಿಗೊಮ್ಮೆ ಜಗ್ಗಿ ನೋಡುತ್ತೇನೆ. ತಾಯಿಯವರು ಬಾಗಿಲಲ್ಲಿ ನಿಂತು, “ಗ್ವಾಡಿ ಏನಂತತಿ?” ಎಂದು ಕೇಳುತ್ತಾರೆ.

ತಾವೂ ಈ ಸಂಚಿಕೆಯನ್ನು ಮಡಿಸಿಟ್ಟ ಕೂಡಲೇ ಎದ್ದು ಹೋಗಿ, ತಮ್ಮ ಮನೆಯ ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಬೇಕೆಂದು ವಿನಂತಿಸುತ್ತೇನೆ.